ಅಪ್‌ಡೇಟ್: ಮುಚ್ಚಳದ ಹಾಳೆ ಡಬ್ಬಿ ನಿಲ್ಲಿಸಿದೆ

ತೀರ್ಥಹಳ್ಳಿ ಕಡೆ ಅಡಿಕೆ ಹಾಳೆ ತಟ್ಟೆ ಮಾಡುವವನು ನಾನು. ಹೋಟೆಲ್ ಪಾರ್ಸೆಲ್‌ಗೆ ಅಂತ ಮುಚ್ಚಳ ಇರುವ ಹಾಳೆ ಡಬ್ಬಿ ಶುರು ಮಾಡಿ ಕೈ ಸುಟ್ಟುಕೊಂಡಿದ್ದೆ. ಮುಂದುವರಿಸಲಾ, ಬಿಡಲಾ ಅಂತ ಹೋದ ವರ್ಷ ಕೇಳಿದ್ದೆ.

ಬಿಟ್ಟೆ.

ತೊಂದರೆ ಇದ್ದದ್ದು ಹಾಳೆಯಲ್ಲೇ. ನಡುವೆ ದಪ್ಪ, ಅಂಚಿನಲ್ಲಿ ತೆಳು. ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದಾಗ ಮುಚ್ಚಳ ಟಕ್ ಅಂತ ಕೂರುತ್ತಿತ್ತು. ರಾತ್ರಿ ಮೇಜಿನ ಮೇಲೆ ಇಟ್ಟರೆ ಬೆಳಿಗ್ಗೆ ಸುಟ್ಟ ಹಪ್ಪಳದ ಹಾಗೆ ಸೊಟ್ಟ. ತಟ್ಟೆ ಸ್ವಲ್ಪ ಸೊಟ್ಟ ಆದ್ರೆ ಯಾರೂ ಕೇಳಲ್ಲ. ಮುಚ್ಚಳ ಸೊಟ್ಟ ಆದ್ರೆ ಸಾಂಬಾರ್ ಚೀಲದೊಳಗೆ! ಮೂರು ಸಲ ಅಚ್ಚು ತಿದ್ದಿಸಿದೆ. ಮಳೆಗಾಲದಲ್ಲಿ ಬೂಸ್ಟು ಬೇರೆ.

ನಿಜ ಹೇಳಬೇಕಂದ್ರೆ, ನನ್ನನ್ನು ಹಿಡಿದಿಟ್ಟಿದ್ದು ಅಚ್ಚಿಗೆ ಹಾಕಿದ 85 ಸಾವಿರ. ಭಾವ ಒಂದೇ ಮಾತು ಕೇಳಿದರು: "ಅಚ್ಚು ಪುಕ್ಕಟೆ ಸಿಕ್ಕಿದ್ರೂ ಇವತ್ತು ಹೊಸದಾಗಿ ಇದನ್ನ ಶುರು ಮಾಡ್ತಿದ್ಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಟಾಟಾದವರೇ 2009ರಲ್ಲಿ ತಂದ ನ್ಯಾನೋವನ್ನು 2018ರಲ್ಲಿ ನಿಲ್ಲಿಸಿದರು, ನಂದೇನು ಅಂತ ಸುಮ್ನೆ ಸಮಾಧಾನ ಮಾಡಿಕೊಂಡೆ.

ಅಚ್ಚು ಗುಜರಿಗೆ ಹೋಯಿತು. ಯಂತ್ರಕ್ಕೆ ಮತ್ತೆ 10 ಇಂಚಿನ ತಟ್ಟೆ ಅಚ್ಚು ಕೂರಿಸಿದ್ದೇನೆ, ಮದುವೆ ಆರ್ಡರ್ ಜಾಸ್ತಿ ಇದೆ. ಉಳಿದ ಒಂದು ಡಬ್ಬಿಯಲ್ಲಿ ಹೆಂಡತಿ ಲವಂಗ ಹಾಕಿಟ್ಟಿದ್ದಾಳೆ. ಮುಚ್ಚಳ ಇಲ್ಲದೆ.