ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ರೂ ಸ್ಪೀಡ್ ಇಲ್ಲ, ಹಳೇ ಡಿಸ್ಕ್ ತೆಗೆದ್ರೆ ಬೂಟೇ ಆಗಲ್ಲ

ಡಿಟಿಪಿ_ಅಂಗಡಿ:
ಎಲ್ಲರಿಗೂ ನಮಸ್ಕಾರ. ಅಂಗಡಿ ಲ್ಯಾಪ್‌ಟಾಪ್ ಆನ್ ಮಾಡಿ ಚಹಾ ಕುಡಿದು ಬಂದ್ರೂ ಡೆಸ್ಕ್‌ಟಾಪ್ ಬರ್ತಿರಲಿಲ್ಲ. 480 ಜಿಬಿ ಎಸ್‌ಎಸ್‌ಡಿ ತಂದೆ. ಹೊಸದಾಗಿ ವಿಂಡೋಸ್ 10 ಹಾಕೋ ಹಾಗಿಲ್ಲ, ಪೇಜ್‌ಮೇಕರ್ ಸಿಡಿ ಕಳೆದು ಯಾವ ಕಾಲ ಆಯ್ತೋ. ಹಾಗಾಗಿ ಕ್ಲೋನ್, ಅಂದ್ರೆ ಹಳೇ ಡಿಸ್ಕಿನಲ್ಲಿರೋದರ ಯಥಾವತ್ ನಕಲು. ಇಡೀ 1 ಟಿಬಿ ಡಿಸ್ಕ್ ಹಿಡಿಸಲ್ಲ ಅಂತು ಸಾಫ್ಟ್‌ವೇರು, ಅದಕ್ಕೆ ಸಿ ಡ್ರೈವ್ ಮಾತ್ರ ಟಿಕ್ ಮಾಡಿದೆ. ಎಸ್‌ಎಸ್‌ಡಿ ಒಳಗೆ ಕೂರಿಸಿ, ಹಳೇ ಡಿಸ್ಕನ್ನ ಕ್ಯಾಡಿ ಅನ್ನೋ ಚೌಕಟ್ಟಿಗೆ ಹಾಕಿ ಡಿವಿಡಿ ಜಾಗಕ್ಕೆ ತಳ್ಳಿದೆ. ನಾಲ್ಕು ದಿನ ಆಯ್ತು, ವೇಗ ಅದೇ ಎತ್ತಿನಗಾಡಿ. ಕ್ಯಾಡಿ ತೆಗೆದ್ರೆ ಕಪ್ಪು ಪರದೆ, ‘ನೋ ಬೂಟಬಲ್ ಡಿವೈಸ್’. ಎಸ್‌ಎಸ್‌ಡಿನೇ ಕೆಟ್ಟದ್ದಾ?

ಮಲೆನಾಡಿಗ:
ಬಯೋಸ್‌ನಲ್ಲಿ ಲೆಗಸಿ ಮೋಡ್ (ಹಳೇ ಬೂಟ್ ವಿಧಾನ) ಮಾಡಿ ನೋಡಿ ಸಾರ್.

ಸ್ಕ್ರೂಡ್ರೈವರ್:
ಬೇಡ. ಜಿಪಿಟಿ (ಪಾರ್ಟಿಷನ್ ಪಟ್ಟಿ ಇಡೋ ಹೊಸ ಪದ್ಧತಿ) ಡಿಸ್ಕಿನಿಂದ ವಿಂಡೋಸ್ ಲೆಗಸಿಯಲ್ಲಿ ಏಳೋದಿಲ್ಲ. ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಹೇಳಿ: ‘ಇಎಫ್‌ಐ ಸಿಸ್ಟಮ್ ಪಾರ್ಟಿಷನ್’ ಯಾವ ಡಿಸ್ಕಿನಲ್ಲಿದೆ? ‘ಬೂಟ್’ ಅನ್ನೋ ಪದ ಯಾವುದರ ಮುಂದಿದೆ?

ಡಿಟಿಪಿ_ಅಂಗಡಿ:
ಎರಡೂ 931 ಜಿಬಿ ತೋರಿಸೋ ಡಿಸ್ಕಿನಲ್ಲಿ. 447 ಜಿಬಿದರಲ್ಲಿ ಒಂದೇ ಒಂದು ಪಾರ್ಟಿಷನ್, ಇ: ಅಂತಿದೆ. (480 ಕೊಟ್ಟು 447 ತೋರಿಸ್ತಾರಲ್ಲ, ತೂಕದಲ್ಲೇ ಮೋಸ.)

ಸ್ಕ್ರೂಡ್ರೈವರ್:
ತೂಕ ಸರಿಯಾಗೇ ಇದೆ, ಕಂಪನಿಯವರು ಸಾವಿರದ ಲೆಕ್ಕ, ವಿಂಡೋಸ್ 1024ರ ಲೆಕ್ಕ. ವಿಷಯಕ್ಕೆ ಬರ್ತೀನಿ: ನೀವು ನಾಲ್ಕು ದಿನದಿಂದ ಹಳೇ ವಿಂಡೋಸಲ್ಲೇ ಇದೀರಿ! ಎಸ್‌ಎಸ್‌ಡಿ ಸುಮ್ಮನೆ ಕೂತಿದೆ. ಯುಇಎಫ್‌ಐ (ಹೊಸ ಬೂಟ್ ವಿಧಾನ) ಯಂತ್ರ ಸಿ ಡ್ರೈವನ್ನ ನೇರ ಮುಟ್ಟೋದಿಲ್ಲ. ಮೊದಲು ಆ ಇಎಫ್‌ಐ ಅನ್ನೋ ಪುಟ್ಟ ಫ್ಯಾಟ್32 ಪಾರ್ಟಿಷನ್ನಿನಲ್ಲಿರೋ ಬೂಟ್ ಫೈಲ್ ಹುಡುಕುತ್ತೆ. ಮನೆ ಸಾಮಾನೆಲ್ಲ ಸಾಗಿಸಿ ಬೀಗದ ಕೈ ಮಾತ್ರ ಹಳೇ ಮನೆಯಲ್ಲೇ ಬಿಟ್ಟು ಬಂದಿದೀರಿ.

ಈ ನಾಲ್ಕು ದಿನದ ಕೆಲಸ ಡೆಸ್ಕ್‌ಟಾಪಿನಲ್ಲಿದ್ರೆ ಮೊದಲು ಪೆನ್‌ಡ್ರೈವಿಗೆ ತೆಗೀರಿ, ಅದು ಕ್ಲೋನಿನಲ್ಲಿ ಇರಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ಹಾಕೋ ವಿಂಡೋಸ್ ಬೀಗ) ಇದ್ರೆ ಆಫ್ ಮಾಡಿ. ಆಮೇಲೆ ಎಸ್‌ಎಸ್‌ಡಿಯಲ್ಲೂ ಅಂಥದೇ ಇಎಫ್‌ಐ ಪಾರ್ಟಿಷನ್ ಮಾಡೋಕೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಕ್‌ಪಾರ್ಟ್ (ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲಿ):

ಲಿಸ್ಟ್ ಡಿಸ್ಕ್
ಸೆಲೆಕ್ಟ್ ಡಿಸ್ಕ್ 0
ಸೆಲೆಕ್ಟ್ ವಾಲ್ಯೂಮ್ ಇ
ಶ್ರಿಂಕ್ ಡಿಸೈರ್ಡ್=300
ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ ಸೈಜ್=260
ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32
ಅಸೈನ್ ಲೆಟರ್=ಎಸ್
ಎಕ್ಸಿಟ್
ಬಿಸಿಡಿಬೂಟ್ ಇ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ

0 ಅಂತ ಕಣ್ಣುಮುಚ್ಚಿ ಹೊಡೀಬೇಡಿ, 447 ಇರೋ ಸಾಲಿನ ನಂಬರ್ ನೋಡಿ ಹಾಕಿ. ಆ ಸಾಲಿನ ಜಿಪಿಟಿ ಕಾಲಮ್ಮಿನಲ್ಲಿ ನಕ್ಷತ್ರ ಇಲ್ಲದಿದ್ರೆ ಮುಂದೆ ಹೋಗ್ಬೇಡಿ, ಇಲ್ಲಿ ಬಂದು ಹೇಳಿ. ಮುಗಿದ ಮೇಲೆ ಮೊದಲ ಬೂಟ್ ಕ್ಯಾಡಿ ತೆಗೆದೇ ಆಗ್ಬೇಕು. ಎರಡೂ ಇದ್ರೆ ಸಿ: ಅಕ್ಷರಕ್ಕೆ ಜಗಳ ಆಡಿ ಲಾಗಿನ್‌ನಲ್ಲೇ ನಿಲ್ಲಬಹುದು.

ಡಿಟಿಪಿ_ಅಂಗಡಿ:
ನಕ್ಷತ್ರ ಇದೆ. ಆದ್ರೆ ಕೊನೇ ಸಾಲಿಗೆ ‘ಫೇಲ್ಯೂರ್ ವೆನ್ ಅಟೆಂಪ್ಟಿಂಗ್ ಟು ಕಾಪಿ ಬೂಟ್ ಫೈಲ್ಸ್’.

ಸ್ಕ್ರೂಡ್ರೈವರ್:
ಫಾರ್ಮ್ಯಾಟ್ ಸಾಲು ಹೊಡೆದ್ರಾ?

ಡಿಟಿಪಿ_ಅಂಗಡಿ:
ಅಯ್ಯೋ. ಫಾರ್ಮ್ಯಾಟ್ ಅನ್ನೋ ಪದ ನೋಡಿ ಹೆದರಿ ಬಿಟ್ಟಿದ್ದೆ ಸಾರ್.

ಸ್ಕ್ರೂಡ್ರೈವರ್:
ಹೆದರಿಕೆ ಒಳ್ಳೇದೇ. ‘ಸೆಲೆಕ್ಟ್ ವಾಲ್ಯೂಮ್ ಎಸ್’ ಅನ್ನಿ, ‘ಡೀಟೇಲ್ ವಾಲ್ಯೂಮ್’ ಹಾಕಿ 260 ಎಂಬಿದೇ ಅಂತ ಖಾತ್ರಿ ಮಾಡ್ಕೊಂಡು ಫಾರ್ಮ್ಯಾಟ್ ಮಾಡಿ. ಆಮೇಲೆ ಕೊನೇ ಸಾಲು ಮತ್ತೊಮ್ಮೆ.

ಡಿಟಿಪಿ_ಅಂಗಡಿ:
ಬಂತು! ಕ್ಯಾಡಿ ಇಲ್ಲದೆ ಬೂಟ್ ಆಯ್ತು, ಚಹಾ ಲೋಟ ಕೈಗೆ ಬರೋಕೆ ಮುಂಚೆ ಪೇಜ್‌ಮೇಕರ್ ತೆರೀತು. ಖುಷಿಗೆ ಕ್ಯಾಡಿ ವಾಪಸ್ ಹಾಕಿದೆ, ಮತ್ತೆ ಎತ್ತಿನಗಾಡಿ.

ಸ್ಕ್ರೂಡ್ರೈವರ್:
ಹಳೇ ಬೂಟ್ ಮ್ಯಾನೇಜರ್ ಇನ್ನೂ ಸಾಲಿನಲ್ಲಿ ಮುಂದಿದೆ. ಬಯೋಸಿನ ಬೂಟ್ ಆರ್ಡರಿನಲ್ಲಿ ಎಸ್‌ಎಸ್‌ಡಿ ಮೇಲೆ ತನ್ನಿ. ಹಳೇ ಸಿ: ಒಂದು ತಿಂಗಳು ಹಾಗೇ ಇರಲಿ, ಈಗಲೇ ಅಳಿಸ್ಬೇಡಿ.

ಡಿಟಿಪಿ_ಅಂಗಡಿ:
ಆಯ್ತು ಸಾರ್, ಈಗ ಕ್ಯಾಡಿ ಇದ್ರೂ ಎಸ್‌ಎಸ್‌ಡಿಯಿಂದಲೇ ಬರ್ತಿದೆ. ಹಳೇ ಡಿಸ್ಕಿನ ಡಿ: ಕೂಡ ಡಿ: ಅಂತಲೇ ಇದೆ, ಲಗ್ನಪತ್ರಿಕೆಗಳ ಫೋಟೋ ಲಿಂಕ್ ಒಂದೂ ತಪ್ಪಿಲ್ಲ.