ಹೊಸ ಗೆಸ್ಟ್ ಲೆಕ್ಚರರ್‌ಗಳಿಗೆ ಏನು ಮಾಡಿಕೊಡುತ್ತೀರಿ?

ಕಾಸರಗೋಡಿನ ಒಂದು ಕಾಲೇಜಿನಲ್ಲಿ ಕನ್ನಡ ವಿಭಾಗ ನೋಡಿಕೊಳ್ಳುತ್ತೇನೆ. ಈ ಸಲ ಇಬ್ಬರು ಹೊಸ ಗೆಸ್ಟ್‌ಗಳು ಬರುತ್ತಿದ್ದಾರೆ, ಒಬ್ಬರು ಪುತ್ತೂರಿನವರು. ಟೈಮ್‌ಟೇಬಲ್ ಕೈಗಿಟ್ಟು ಸುಮ್ನೆ ಕ್ಲಾಸಿಗೆ ಕಳಿಸೋದು ಬೇಡ ಅಂತಿದ್ದೇನೆ. ನಿಮ್ಮ ಅನುಭವ ಹೇಳಿ.

— ಮೊದಲು ಕಾಗದಪತ್ರ. ಎಂ.ಎ., ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಮುಗಿಸಿದವರಿಗೆ ಮೊದಲ ದಿನವೇ ಪಾಠದ ಬಗ್ಗೆ ಉಪದೇಶ ಯಾಕೆ? ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯ ಪ್ಯಾನೆಲ್‌ನಲ್ಲಿ, ಅಂದರೆ ಗೆಸ್ಟ್‌ಗಳ ಪಟ್ಟಿಯಲ್ಲಿ, ಹೆಸರಿದೆಯಾ ನೋಡಿ. ನೇಮಕಕ್ಕೆ ಮಂಜೂರಾತಿ ಬಾರದೆ ಸಂಬಳದ ಬಿಲ್ ಪಾಸಾಗುವುದಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲೇ ಒಂದು ಕ್ಲಾಸಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಅಂತ ಹೇಳಿದೆ, ಆದರೆ ನಾನು ಗೆಸ್ಟ್ ಆಗಿದ್ದಾಗ ಮೊದಲ ಸಂಬಳ ಕಂಡದ್ದು ಓಣಂ ಕಳೆದ ಮೇಲೆ! ಇನ್ನು ಸುತ್ತೋಲೆಗಳು ಮಲಯಾಳದಲ್ಲಿ ಬರುತ್ತವೆ, ಪುತ್ತೂರಿನವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಅದಕ್ಕೆ ನಾವು ವಾಟ್ಸಾಪ್‌ನಲ್ಲಿ ಹಾಕುವಾಗ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇವೆ: ಯಾರಿಗೆ, ಏನು, ಯಾವ ತಾರೀಕಿನೊಳಗೆ ಕೊಡಬೇಕು.

— ಕೂರಲು ಒಂದು ಕುರ್ಚಿ, ಬೀರುವಿನಲ್ಲಿ ಒಂದು ಖಾನೆ. ಮಂಗಳೂರು ಕಡೆಯಿಂದ ರೈಲಿನಲ್ಲಿ ಬರುವವರಿಗೆ ಫಸ್ಟ್ ಅವರ್, ಲಾಸ್ಟ್ ಅವರ್ ಎರಡನ್ನೂ ಒಂದೇ ದಿನ ಹಾಕಬೇಡಿ. ಸೀನಿಯರ್‌ಗಳಿಗೆ ಬೇಡವಾದ ಅವಧಿಗಳೆಲ್ಲ ಗೆಸ್ಟ್ ತಲೆಗೇ ಬರುತ್ತವೆ, ಅಲ್ವಾ?

— ಇಂಟರ್ನಲ್ ಮಾರ್ಕ್ಸ್ ವಿಷಯದಲ್ಲಿ ಜೊತೆಗಿರಿ. 2024ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಥಿಯರಿ ಪೇಪರಿನ ನೂರರಲ್ಲಿ 30 ಅಂಕ ಕ್ಲಾಸ್ ತೆಗೆದುಕೊಳ್ಳುವವರ ಕೈಯಲ್ಲೇ ಇದೆ. ಹೊಸಬರು ಒಂದೋ ಎಲ್ಲರಿಗೂ ಜಾಸ್ತಿ ಕೊಡುತ್ತಾರೆ, ಇಲ್ಲವೇ ತೀರಾ ಬಿಗಿ ಮಾಡುತ್ತಾರೆ. ನಾನು ಮಾಡುವುದು ಇಷ್ಟೆ: ಐದಾರು ಅಸೈನ್‌ಮೆಂಟ್‌ಗೆ ನಾನೂ ಹೊಸಬರೂ ಬೇರೆ ಬೇರೆ ಹಾಳೆಯಲ್ಲಿ ಅಂಕ ಹಾಕುತ್ತೇವೆ, ಆಮೇಲೆ ಎರಡೂ ಹಾಳೆ ಎದುರಿಟ್ಟು ನೋಡುತ್ತೇವೆ. ನಾಲ್ಕೈದು ಅಂಕದ ವ್ಯತ್ಯಾಸ ಬಂದಲ್ಲಿ ಮಾತು ತಾನಾಗಿ ಶುರುವಾಗುತ್ತದೆ. ಕೆಲವು ಸಲ ಅವರು ಹಾಕಿದ್ದೇ ಸರಿ ಅನಿಸಿ ನಾನು ತಿದ್ದಿದ್ದೂ ಇದೆ.

— ಕ್ಲಾಸಿಗೆ ಹೋಗಿ ಕೂರುವುದಾದರೆ ಮೊದಲೇ ಕೇಳಿ, ಇನ್‌ಸ್ಪೆಕ್ಷನ್ ಅಂದುಕೊಳ್ಳುತ್ತಾರೆ. ಮುಗಿದ ಮೇಲೆ ಒಂದೇ ವಿಷಯ ಹೇಳಿ, ಪಟ್ಟಿ ಬೇಡ. ಇಲ್ಲಿನ ಮಕ್ಕಳ ಮನೆಮಾತು ತುಳು, ಬ್ಯಾರಿ, ಮಲಯಾಳ, ಮರಾಠಿ, ಏನೂ ಇರಬಹುದು. ಹಳಗನ್ನಡ ಪದ್ಯಕ್ಕೆ ಅರ್ಥ ಹೇಳುವಾಗ ನಡುವೆ ತುಳು ಬಂದರೆ ತಪ್ಪಿಲ್ಲ ಅಂತ ಹೊಸಬರಿಗೆ ಧೈರ್ಯ ಕೊಡಿ.

— ಯಾರೂ ಹೇಳಿಲ್ಲ ಅಂತ ಸೇರಿಸುತ್ತಿದ್ದೇನೆ. ಅನುಭವ ಪತ್ರವನ್ನು ಮಾರ್ಚ್‌ನಲ್ಲೇ ಸಹಿ ಮಾಡಿಸಿ ಕೊಟ್ಟುಬಿಡಿ. ಮುಂದಿನ ಇಂಟರ್‌ವ್ಯೂಗಳು ಮೇ ತಿಂಗಳಲ್ಲೇ ಶುರುವಾಗುತ್ತವೆ, ಆಗ ಆಫೀಸಿನಲ್ಲಿ ಅರ್ಧ ಜನ ರಜೆಯಲ್ಲಿರುತ್ತಾರೆ.