ಚಂಡಮಾರುತದ ದಿನಗಳಿಗೆ ಮೊದಲೇ ಊರಿನಲ್ಲಿರುವ ಹಿರಿಯರನ್ನು ಸಿದ್ಧಗೊಳಿಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿರುವ, ಕಾಪು ತಾಲೂಕಿನ ಓದುಗರು

ಅಪ್ಪನಿಗೆ 81 ವರ್ಷ, ಅಮ್ಮನಿಗೆ 75. ಕಾಪು ತಾಲೂಕಿನಲ್ಲಿ ಕಡಲಿಗೆ ಸಮೀಪವಿರುವ ನಮ್ಮ ಹಂಚಿನ ಮನೆಯಲ್ಲಿ ಅವರಿಬ್ಬರೇ ಇದ್ದಾರೆ. ಅಪ್ಪ ವಾಕರ್ ಇಲ್ಲದೆ ನಡೆಯಲಾರರು, ಅವರ ಕಿವಿಯೂ ಮಂದವಾಗಿದೆ. ಅಮ್ಮನಿಗೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಕರೆಂಟೂ ಹೋಗಿ, ಫೋನೂ ಸಿಗದೆ, ಅವರು ಹೇಗಿದ್ದಾರೆಂದು ತಿಳಿಯದೆ ನಾವು ಇಲ್ಲಿ ಕಳೆದ ರಾತ್ರಿಯ ಆತಂಕ ಈಗಲೂ ನನ್ನನ್ನು ಬಿಟ್ಟಿಲ್ಲ. ಮೇ ತಿಂಗಳಲ್ಲಿ ಅವರನ್ನು ಬೆಂಗಳೂರಿಗೆ ಕರೆತರುವ ಯೋಚನೆ ನನ್ನದು. ಆದರೆ ಅಪ್ಪ, "ನಮ್ಮ ಕರಾವಳಿಗೆ ಚಂಡಮಾರುತ ಬಡಿಯುವುದಿಲ್ಲ, ಅದು ಗುಜರಾತಿಗೆ ಹೋಗುತ್ತದೆ" ಎನ್ನುತ್ತಾ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ. ಯಾವ ಸಿದ್ಧತೆ ಮಾಡಬೇಕು, ಯಾವಾಗ ಮನೆ ಬಿಡಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪಡುಬಿದ್ರಿಯಿಂದ

ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅರಬ್ಬಿ ಸಮುದ್ರದಲ್ಲಿ ಹುಟ್ಟುವ ಚಂಡಮಾರುತಗಳಲ್ಲಿ ಹೆಚ್ಚಿನವು ನಮ್ಮ ತೀರದಿಂದ ದೂರದಲ್ಲಿಯೇ ಉತ್ತರಕ್ಕೋ ಪಶ್ಚಿಮಕ್ಕೋ ಸಾಗುತ್ತವೆ. ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲಿ, ಮೇ 17ರ ರಾತ್ರಿ. ಆದರೆ ಅದಕ್ಕೆ ಮೊದಲು, ಮೇ 15 ಮತ್ತು 16ರಂದು ಅದು ನಮ್ಮ ಕಡಲಿನಲ್ಲಿ ಹಾದುಹೋಗುವಾಗಲೇ ಉಳ್ಳಾಲ, ಸೋಮೇಶ್ವರದಿಂದ ಹಿಡಿದು ಕಾಪು, ಮರವಂತೆಯವರೆಗೆ ಅಲೆಗಳು ದಡವನ್ನು ಕೊರೆದವು; ಪಡುಬಿದ್ರಿ ಬಳಿ ಟಗ್ ದೋಣಿಯೊಂದು ಮಗುಚಿ ಅದರಲ್ಲಿದ್ದ ಕೆಲವರು ಪ್ರಾಣ ಕಳೆದುಕೊಂಡರು. ಚಂಡಮಾರುತದ ನಡುಭಾಗ ಎಲ್ಲಿ ನೆಲ ಮುಟ್ಟುತ್ತದೆ ಎಂಬುದಕ್ಕಿಂತ, ಅದರ ಹೊರಸುತ್ತಿನ ಗಾಳಿ, ಮಳೆ ಮತ್ತು ಉಬ್ಬಿದ ಕಡಲು ಎಲ್ಲಿಯವರೆಗೆ ಚಾಚುತ್ತವೆ ಎಂಬುದು ನಮಗೆ ಮುಖ್ಯ. ಇದನ್ನು ಅವರೊಡನೆ ವಾದ ಮಾಡಿ ಗೆಲ್ಲಲು ಹೋಗದೆ, ಆ ಎರಡು ದಿನ ನಿಮ್ಮ ಮನೆಯ ಸುತ್ತ ಏನೇನಾಯಿತೆಂದು ಅವರ ಬಾಯಿಯಿಂದಲೇ ಹೇಳಿಸಿ.

ಮೇ ತಿಂಗಳೊಂದನ್ನೇ ನೋಡಬೇಡಿ. ಚಂಡಮಾರುತದ ಕಾಲ ಮಳೆಗಾಲಕ್ಕೆ ಮೊದಲು ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ ಬರುತ್ತದೆ. ಸಾಲದೆಂಬಂತೆ 2020ರ ಸೆಪ್ಟೆಂಬರ್ 20ರಂದು ಯಾವ ಹೆಸರಿನ ಚಂಡಮಾರುತವೂ ಇಲ್ಲದೆ ಒಂದೇ ರಾತ್ರಿಯ ಮಳೆಗೆ ಸ್ವರ್ಣಾ ನದಿ ಉಕ್ಕಿ, ಉಡುಪಿಯ ತಗ್ಗು ಪ್ರದೇಶಗಳಿಂದ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಹೀಗಿರುವಾಗ ವರ್ಷಕ್ಕೊಮ್ಮೆ ಬೆಂಗಳೂರಿಗೆ ಕರೆದೊಯ್ಯುವುದು ಪೂರ್ತಿ ಪರಿಹಾರವಲ್ಲ.

ಯಾವಾಗ ಹೊರಡಬೇಕೆಂಬುದಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ: ಹವಾಮಾನ ಇಲಾಖೆ ಜಿಲ್ಲೆಗೆ ಆರೆಂಜ್ ಅಲರ್ಟ್ ಕೊಟ್ಟು, ಕಡಲಿನಲ್ಲಿ ಚಂಡಮಾರುತ ಇದೆಯೆಂದೂ ತಿಳಿಸಿದ ದಿನ, ಹಗಲಿನಲ್ಲಿಯೇ ಹೊರಡಬೇಕು. ಆರೆಂಜ್ ಎಂದರೆ ಸಿದ್ಧರಾಗಿರಿ ಎಂದರ್ಥ, ರೆಡ್ ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ. ಗಟ್ಟಿಮುಟ್ಟಾದವರಿಗೆ ಆ ಎರಡರ ನಡುವಿನ ಸಮಯ ಸಾಕಾಗುತ್ತದೆ. ವಾಕರ್ ಹಿಡಿದು ನಡೆಯುವವರಿಗೆ, ಮರ ಬಿದ್ದ ದಾರಿಯಲ್ಲಿ, ರಾತ್ರಿ ಹೊತ್ತಿನಲ್ಲಿ ಅದು ಸಾಕಾಗದು. ಬೆಂಗಳೂರಿನಿಂದ ನೀವೇ ಬಂದು ಕರೆದೊಯ್ಯುವೆನೆಂಬ ಲೆಕ್ಕಾಚಾರವೂ ಬೇಡ, ಏಕೆಂದರೆ ದೊಡ್ಡ ಮಳೆಗೆ ಘಾಟಿಯ ರಸ್ತೆ ಮುಚ್ಚುವುದು ನಮಗೆ ಹೊಸತಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಒಟ್ಟಿಗೇ ನಿಂತುಹೋಗಿದ್ದವು. ಕಡಲಿನಿಂದ ಒಳಗೆ, ಎತ್ತರದ ಜಾಗದಲ್ಲಿ, ತಾರಸಿ ಇರುವ ಒಬ್ಬ ನೆಂಟರ ಮನೆಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಕರೆದೊಯ್ಯಲು ನೆರೆಮನೆಯ ಯುವಕರೊಬ್ಬರನ್ನು, ಅವರು ಇಲ್ಲದಿದ್ದರೆ ಇರಲೆಂದು ಪರಿಚಯದ ರಿಕ್ಷಾ ಚಾಲಕರೊಬ್ಬರನ್ನು ಒಪ್ಪಿಸಿಡಿ.

ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಆದರೆ ಬೆಂಗಳೂರಿನಲ್ಲಿ ಕುಳಿತು ಅದನ್ನು ಒತ್ತಿದರೆ ಕರೆ ಅಲ್ಲಿನ ಕೊಠಡಿಗೇ ಹೋಗಬಹುದಾದ್ದರಿಂದ, 0820ರಿಂದ ಆರಂಭವಾಗುವ ಉಡುಪಿಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಜಿಲ್ಲಾಧಿಕಾರಿ ಕಚೇರಿಯಿಂದ ಪಡೆದು ಬರೆದಿಟ್ಟುಕೊಳ್ಳಿ.

ಉತ್ತರ: ಉಡುಪಿಯಿಂದ, ನಿವೃತ್ತ ನರ್ಸ್

ತಾಯಿಯವರ ಇನ್ಸುಲಿನ್ ಬಗ್ಗೆ ಬರೆಯುತ್ತೇನೆ, ಏಕೆಂದರೆ ಕರೆಂಟು ಹೋದ ಕೂಡಲೇ ಅದು ಕೆಟ್ಟುಹೋಯಿತೆಂದು ಹೆದರಿ ಎಸೆಯುವವರೂ ಇದ್ದಾರೆ, ಏನೂ ಆಗದೆಂದು ಬಿಸಿಲು ಬೀಳುವ ಕಿಟಕಿಯಲ್ಲಿ ಇಡುವವರೂ ಇದ್ದಾರೆ. ತೆರೆಯದ ಬಾಟಲಿಗಳನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಸಲು ತೆರೆದ ಇನ್ಸುಲಿನ್, ಹೆಚ್ಚಿನ ಬಗೆಗಳಲ್ಲಿ, ಸೆಕೆಯಿಲ್ಲದ ಜಾಗದಲ್ಲಿ ನಾಲ್ಕು ವಾರಗಳವರೆಗೆ ಹಾಳಾಗದು; ಆದರೂ ಅವರ ಬಗೆಗೆ ಅನ್ವಯಿಸುವ ಮಿತಿಯನ್ನು ಡಬ್ಬಿಯ ಒಳಗಿನ ಚೀಟಿಯಲ್ಲಿ ಓದಿಕೊಳ್ಳಿ. ನಮ್ಮ ಮೇ ತಿಂಗಳಿನಲ್ಲಿ ಕೋಣೆಯೇ 30 ಡಿಗ್ರಿ ದಾಟುವುದರಿಂದ, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ನೀರು ಸೋಕದಂತೆ ಸಣ್ಣ ಡಬ್ಬಿಯಲ್ಲಿಟ್ಟು ನೆರಳಿನಲ್ಲಿ ಇರಿಸುವ ಹಳೆಯ ಕ್ರಮ ಈಗಲೂ ಉಪಯುಕ್ತವಾಗಿದೆ. ಮಂಜುಗಡ್ಡೆಗೆ ನೇರವಾಗಿ ತಾಗಿಸಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು.

ಗಾಳಿ ಮಳೆಯ ದಿನ ಊಟದ ಹೊತ್ತು ತಪ್ಪುತ್ತದೆ, ಇನ್ಸುಲಿನ್ ಮಾತ್ರ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಸಕ್ಕರೆ ಇಳಿದು ಬೆವರಿ, ನಡುಗಿ, ಮಾತು ತಡವರಿಸುವುದು ಆಗಲೇ. ಬೆಲ್ಲವೋ ಗ್ಲೂಕೋಸ್ ಪುಡಿಯೋ ಅವರ ಕೈಗೆ ಎಟುಕುವಲ್ಲಿ ಇರಲಿ. ಊಟ ಮಾಡಲಾಗದ ದಿನ ಎಷ್ಟು ಯೂನಿಟ್ ತೆಗೆದುಕೊಳ್ಳಬೇಕೆಂದು ವೈದ್ಯರಿಂದ ಈಗಲೇ ಬರೆಸಿಕೊಂಡು ಬನ್ನಿ.

ಇಬ್ಬರ ಮಾತ್ರೆಗಳೂ ಕನಿಷ್ಠ ಎರಡು ವಾರಕ್ಕೆ ಸಾಲುವಷ್ಟು ಸದಾ ಇರಲಿ. ಮಾತ್ರೆಯ ಹೆಸರು, ಪ್ರಮಾಣ, ಯಾವುದರಿಂದ ಅಲರ್ಜಿ ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿಗಳೊಂದಿಗೆ ಪ್ಲಾಸ್ಟಿಕ್ ಲಕೋಟೆಯಲ್ಲಿಡಿ. ತಂದೆಯವರ ಶ್ರವಣಯಂತ್ರವಿದ್ದರೆ ಅದರ ಬ್ಯಾಟರಿ, ಕನ್ನಡಕ, ಒಂದು ಜೊತೆ ಜಾರದ ಚಪ್ಪಲಿ ಇವು ಸಣ್ಣ ಸಂಗತಿಗಳಲ್ಲ. ಕತ್ತಲಲ್ಲಿ ಒದ್ದೆ ಜಗಲಿಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡವರನ್ನು ನಾನು ವೃತ್ತಿಯಲ್ಲಿದ್ದಷ್ಟು ಕಾಲವೂ ಮಳೆಗಾಲದಲ್ಲಿ ಕಂಡಿದ್ದೇನೆ.

ನೆರೆನೀರು ಬಾವಿಗೆ ಇಳಿದಿದ್ದರೆ ಬ್ಲೀಚಿಂಗ್ ಪುಡಿ ಹಾಕಿಸುವವರೆಗೆ ಆ ನೀರನ್ನು ಕುಡಿಯಬಾರದು, ಅನಂತರವೂ ಕುದಿಸಿಯೇ ಕುಡಿಯಬೇಕು. ನಮ್ಮ ಜಿಲ್ಲೆಗಳಲ್ಲಿ ಇಲಿ ಜ್ವರವಿರುವುದರಿಂದ, ಕಾಲಿನಲ್ಲಿ ಗಾಯವಿದ್ದರೆ, ಅದರಲ್ಲೂ ಮಧುಮೇಹಿಗಳು, ನಿಂತ ನೀರಿಗೆ ಇಳಿಯಲೇಬಾರದು. ಊರಿನ ಆಶಾ ಕಾರ್ಯಕರ್ತೆಗೆ ನಿಮ್ಮ ತಂದೆತಾಯಿಯರ ಸ್ಥಿತಿ ಗೊತ್ತಿರಲಿ.

ಉತ್ತರ: ಮಂಗಳೂರಿನಿಂದ

ನಗರದ ಫ್ಲ್ಯಾಟುಗಳಲ್ಲಿ ಇರುವ ಹಿರಿಯರ ಬಗ್ಗೆ ಒಂದು ಮಾತು. 2018ರ ಮೇ 29ರಂದು ಮಂಗಳೂರಿನಲ್ಲಿ ನೀರು ನುಗ್ಗಿದ್ದು ಕಡಲತಡಿಗೆ ಮಾತ್ರವಲ್ಲ, ನಡುಪೇಟೆಯ ರಸ್ತೆಗಳಿಗೂ. ಮೇಲಿನ ಮಹಡಿಯವರಿಗೆ ನೀರಿನ ಭಯವಿಲ್ಲ. ಆದರೆ ಲಿಫ್ಟ್ ನಿಂತರೆ ಅವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವವರಿದ್ದರೆ ಇನ್ವರ್ಟರ್ ಎಷ್ಟು ಹೊತ್ತು ಅದನ್ನು ನಡೆಸುತ್ತದೆಂದು ಒಮ್ಮೆ ಪರೀಕ್ಷಿಸಿ, ಸಿಲಿಂಡರ್ ಒಂದನ್ನು ಜೊತೆಗಿಡಿ. ಮೆಸ್ಕಾಂ ಸಹಾಯವಾಣಿ 1912.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಎರ್ಮಾಳಿನ ಒಳಭಾಗದಲ್ಲಿರುವ ಚಿಕ್ಕಮ್ಮನವರಲ್ಲಿ ಮಾತನಾಡಿದೆ, ಅವರು ಸಂತೋಷದಿಂದ ಒಪ್ಪಿದ್ದಾರೆ. ಅಪ್ಪ ಮಾತ್ರ ಮನೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಿದ್ದಾರೆ. ಬಲವಂತ ಮಾಡಲು ನನಗೆ ಮನಸ್ಸಿಲ್ಲ, ಸುಮ್ಮನಿರಲು ಧೈರ್ಯವಿಲ್ಲ.

ಉತ್ತರ: ಉಳ್ಳಾಲದಿಂದ

ನನಗೆ 78 ವರ್ಷ. ಮಕ್ಕಳು ದುಬೈಯಲ್ಲಿದ್ದಾರೆ. ನಿಮ್ಮ ತಂದೆಯವರ ಸ್ಥಾನದಲ್ಲಿ ನಿಂತು ಬರೆಯುತ್ತಿದ್ದೇನೆ.

ಹಟವೆಂದು ನಿಮಗೆ ಕಾಣುವುದರ ಹಿಂದೆ ಕೇಳಲು ನಾಚಿಕೆಯಾಗುವ ಕೆಲವು ಪ್ರಶ್ನೆಗಳಿರುತ್ತವೆ. ಆ ಮನೆಯಲ್ಲಿ ಕಮೋಡ್ ಇದೆಯೇ? ರಾತ್ರಿ ಎರಡು ಮೂರು ಬಾರಿ ಏಳುವಾಗ ಹಿಡಿದುಕೊಳ್ಳಲು ಏನಾದರೂ ಇದೆಯೇ? ಹಟ್ಟಿಯ ದನಕ್ಕೆ ಹುಲ್ಲು ಹಾಕುವವರು ಯಾರು, ದೇವರ ದೀಪ ಹಚ್ಚುವವರು ಯಾರು? ಹೋದವರನ್ನು ಮತ್ತೆ ಈ ಮನೆಗೆ ಕರೆತರುತ್ತಾರೆಯೇ, ಅಥವಾ ಇದನ್ನೇ ನೆಪ ಮಾಡಿಕೊಂಡು ಬೆಂಗಳೂರಿನಲ್ಲಿಯೇ ಇರಿಸಿಕೊಳ್ಳುತ್ತಾರೆಯೇ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಗಾಳಿ ನಿಂತು, ಕರೆಂಟು ಬಂದ ಮರುದಿನವೇ ವಾಪಸು ಬಿಡುತ್ತೇವೆಂದು ನೀವು ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ.

ನನ್ನ ಮಕ್ಕಳು ಯೋಜನೆ ಮಾಡಿ ನನಗೆ ತಿಳಿಸಲಿಲ್ಲ, ನನ್ನಿಂದಲೇ ಮಾಡಿಸಿದರು. ಯಾವ ಅಲರ್ಟಿಗೆ ಹೊರಡುವುದು, ಯಾರ ಗಾಡಿಯಲ್ಲಿ, ಬೀಗದ ಕೈ ಯಾರ ಬಳಿ ಎಂಬುದೆಲ್ಲ ನನ್ನ ಕೈಬರಹದಲ್ಲಿ ಕ್ಯಾಲೆಂಡರಿನ ಪಕ್ಕದಲ್ಲಿದೆ. ಆದ್ದರಿಂದ ಆ ದಿನ ನಾನು ಹೊರಟರೆ ಅದು ಯಾರದೋ ಒತ್ತಾಯಕ್ಕೆ ಮಣಿದಂತಾಗುವುದಿಲ್ಲ. ನಿಮ್ಮ ತಂದೆಯವರಿಗೂ ಕೆಲಸ ವಹಿಸಿ. ಮನೆಗೆ ತಾಗಿದ ತೆಂಗಿನ ಮರಗಳಿಂದ ಒಣಗಿದ ಮಡಲು, ಬಲಿತ ಕಾಯಿಗಳನ್ನು ಏಪ್ರಿಲಿನಲ್ಲಿಯೇ ಇಳಿಸುವುದು, ಸಡಿಲವಾದ ಹಂಚುಗಳನ್ನು ಸರಿಪಡಿಸುವುದು ಅವರ ಮೇಲ್ವಿಚಾರಣೆಯಲ್ಲಿ ನಡೆಯಲಿ. ಇದರಲ್ಲಿ ಅವರಿಗಿರುವಷ್ಟು ತಿಳಿವಳಿಕೆ ನಮ್ಮ ಮಕ್ಕಳಿಗಿಲ್ಲ.

ಚಿಕ್ಕಮ್ಮನವರ ಮನೆಗೆ ಮಳೆಯಿಲ್ಲದ ಒಂದು ದಿನ ಸುಮ್ಮನೆ ಊಟಕ್ಕೆಂದು ಕರೆದುಕೊಂಡು ಹೋಗಿ, ಒಂದು ರಾತ್ರಿ ಅಲ್ಲಿಯೇ ಉಳಿಸಿ. ವಾಕರ್ ಬಚ್ಚಲಿನ ಬಾಗಿಲಿನಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುತ್ತದೆ.